ಟೆಹರಾನಿನ ಭೂತಕ್ಕೆ ಕೋಲ ಇಲ್ಲ

ಇರಾನಿನವರ ಅತಿ ಹೆಸರಾದ ಕಾದಂಬರಿ ಮೊದಲು ಹೊರಬಂದದ್ದು ಇರಾನಿನಲ್ಲಿ ಅಲ್ಲ, ನಮ್ಮ ಮುಂಬೈಯಲ್ಲಿ. ನಂಬುವುದು ಸ್ವಲ್ಪ ಕಷ್ಟ, ಆದರೆ ನಿಜ. 1936ರಲ್ಲಿ ಸಾದಿಕ್ ಹೆದಾಯತ್ ಎಂಬ ಟೆಹರಾನಿನ ಬರಹಗಾರ ಮುಂಬೈಗೆ ಬಂದ. ಆಗ ಅವನಿಗೆ ಮೂವತ್ತಮೂರು ವರ್ಷ. ಬಂದವನು ಬಹರಾಮ್‌ಗೋರ್ ಅಂಕ್ಲೇಸರಿಯಾ ಎಂಬ ಪಾರ್ಸಿ ವಿದ್ವಾಂಸರ ಹತ್ತಿರ ಪಹ್ಲವಿ, ಅಂದರೆ ಹಳೆಯ ಫಾರ್ಸಿ ಭಾಷೆ ಕಲಿತ. ಜೊತೆಗೆ ತಾನು ಬರೆದಿಟ್ಟುಕೊಂಡಿದ್ದ ಒಂದು ಪುಟ್ಟ ಕಾದಂಬರಿಯನ್ನು ಕೈಬರಹದಲ್ಲೇ ಸ್ಟೆನ್ಸಿಲ್ ಮಾಡಿ ಐವತ್ತರಷ್ಟು ಪ್ರತಿ ತೆಗೆದ. ಇರಾನಿನಲ್ಲಿ ಇದನ್ನು ಅಚ್ಚು ಮಾಡುವಂತಿಲ್ಲ, ಮಾರುವಂತಿಲ್ಲ ಎಂದು ಅದರ ಮೇಲೆ ತಾನೇ ಬರೆದ. ಊರಲ್ಲಿ ರೆಜಾ ಶಾನ ಆಡಳಿತ, ಸೆನ್ಸಾರ್ ಬಿಗಿ. ಆ ಪುಸ್ತಕದ ಹೆಸರು ‘ಬೂಫ್-ಎ ಕೂರ್’, ಕುರುಡು ಗೂಬೆ.

ಹೆದಾಯತ್ ನಮ್ಮ ಕಡೆಗೂ ಬಂದಿದ್ದ. ಆಗ ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಅತಿಥಿಯಾಗಿ ಕೆಲವು ದಿನ ಮೈಸೂರು ಸೀಮೆಯಲ್ಲಿದ್ದ. ಮಿರ್ಜಾ ಅವರ ಮನೆತನದ ಮೂಲವೂ ಇರಾನೇ. ಅವರ ಅಜ್ಜ ಅಲಿ ಅಸ್ಕರ್ ಶಿರಾಜ್‌ನಿಂದ ಕುದುರೆ ತಂದು ಮಾರಲು ಬೆಂಗಳೂರಿಗೆ ಬಂದವರು, ಬಂದವರು ಇಲ್ಲೇ ಉಳಿದರು. ಬೆಂಗಳೂರಲ್ಲಿ ಕೆಲಸ ಮಾಡುವವರು ಅಲಿ ಅಸ್ಕರ್ ರೋಡಿನಲ್ಲಿ ಒಮ್ಮೆಯಾದರೂ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿರುತ್ತೀರಿ. ಭಾರತದ ಹಿನ್ನೆಲೆ ಇಟ್ಟುಕೊಂಡು ಹೆದಾಯತ್ ಫ್ರೆಂಚ್‌ನಲ್ಲಿ ಎರಡು ಕಥೆ ಬರೆದ. ಅದರಲ್ಲಿ ಒಂದರ ಹೆಸರು ‘ಸಾಂಪಿಂಗೆ’. ಬಾಯಿಬಿಟ್ಟು ಹೇಳಿ ನೋಡಿ. ನಮ್ಮ ಸಂಪಿಗೆಯೇ ಅಲ್ವಾ?

ಅವನು ಸಸ್ಯಾಹಾರದ ಬಗ್ಗೆ ಒಂದು ಪುಸ್ತಕವನ್ನೇ ಬರೆದವ ಬೇರೆ. ಮುಂಬೈಯಲ್ಲಿ ನಮ್ಮವರ ಹೋಟೆಲಿನ ಇಡ್ಲಿ ತಿಂದಿದ್ದನೇ ಎಂದು ತಲೆಯಲ್ಲಿ ಒಂದು ಪ್ರಶ್ನೆ ಬರುತ್ತದೆ. ಇರಲಿ.

‘ಕುರುಡು ಗೂಬೆ’ ಹೆದರಿಸುವ ಪುಸ್ತಕ. ಇರಾನಿನಲ್ಲಿ ಹಿರಿಯರು ಹದಿಹರೆಯದ ಮಕ್ಕಳಿಗೆ ಅದನ್ನು ಓದಬೇಡಿ ಎನ್ನುವುದುಂಟಂತೆ, ಮನಸ್ಸು ಕೆಡುತ್ತದೆ ಎಂದು. ಇಂಥ ಬರವಣಿಗೆಗೆ ಸಾಹಿತ್ಯದವರು ಗಾಥಿಕ್ ಎಂದು ಹೆಸರಿಟ್ಟಿದ್ದಾರೆ. ದೊಡ್ಡ ಶಬ್ದ, ಆದರೆ ಒಳಗಿರುವುದು ನಮಗೆಲ್ಲ ಗೊತ್ತಿರುವ ಸಂಗತಿ. ಒಂದು ಹಳೆಯ ಮನೆ, ಅದರಲ್ಲಿ ಬೀಗ ಹಾಕಿದ ಒಂದು ಕೋಣೆ. ಹಿಂದೆ ಯಾರಿಗೋ ಯಾರೋ ಮಾಡಿದ ಅನ್ಯಾಯ. ಅದನ್ನು ಮುಚ್ಚಿಟ್ಟವರು ಸತ್ತರೂ ಅದು ಸಾಯುವುದಿಲ್ಲ. ಯಾವುದೋ ರಾತ್ರಿ ಹೆಜ್ಜೆ ಸಪ್ಪಳವಾಗಿಯೋ ನಗುವಾಗಿಯೋ ಗೋಡೆಯ ಮೇಲಿನ ನೆರಳಾಗಿಯೋ ವಾಪಸ್ ಬರುತ್ತದೆ. ಅಷ್ಟೇ ಗಾಥಿಕ್.

ಇಂಗ್ಲಿಷಿನಲ್ಲಿ ಇದರ ಮೊದಲ ಕಾದಂಬರಿ ಎಂದು ಹೇಳುವುದು ಹೊರೇಸ್ ವಾಲ್‌ಪೋಲ್ 1764ರಲ್ಲಿ ಬರೆದ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ವನ್ನು. ವಾಲ್‌ಪೋಲ್ ಲಂಡನ್ನಿನವ, ಅವನ ಭೂತದ ಕೋಟೆ ಇಟಲಿಯಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹೆದರಿಕೆಯ ಮನೆ ಯಾವಾಗಲೂ ಪಕ್ಕದವರ ಊರಿನಲ್ಲೇ ಇರುತ್ತದೆ.

ಹೆದಾಯತನ ಕಥೆಗೆ ಬರೋಣ. ಕಥೆ ಹೇಳುವವನು ಲೇಖನಿ ಪೆಟ್ಟಿಗೆಗಳ ಮೇಲೆ ಚಿತ್ರ ಬಿಡಿಸಿ ಬದುಕುವವ. ಊರಾಚೆ ಒಂಟಿ ಮನೆ. ಅವನು ಬಿಡಿಸುವುದು ಯಾವಾಗಲೂ ಒಂದೇ ಚಿತ್ರ: ಒಂದು ಸೈಪ್ರಸ್ ಮರ, ಅದರ ಕೆಳಗೆ ತಲೆಗೆ ಮುಂಡಾಸು ಸುತ್ತಿ ಬೆನ್ನು ಬಗ್ಗಿಸಿ ಕೂತ, ಭಾರತದ ಯೋಗಿಯಂಥ ಒಬ್ಬ ಮುದುಕ. ನಡುವೆ ಸಣ್ಣ ತೊರೆ. ಆಚೆ ದಡದಿಂದ ಕಪ್ಪು ಬಟ್ಟೆಯ ಹುಡುಗಿಯೊಬ್ಬಳು ಬಗ್ಗಿ ಅವನಿಗೆ ಹೂ ಕೊಡುತ್ತಿದ್ದಾಳೆ. ಯಾಕೆ ಇದೇ ಚಿತ್ರ ಎಂದು ಅವನಿಗೇ ಗೊತ್ತಿಲ್ಲ. ಒಂದು ದಿನ ಅಟ್ಟದಲ್ಲಿದ್ದ ಹಳೆಯ ದ್ರಾಕ್ಷಾರಸದ ಸೀಸೆ ತೆಗೆಯಲು ಹತ್ತಿದಾಗ ಗೋಡೆಯ ಗಾಳಿಗಿಂಡಿಯಲ್ಲಿ ಅದೇ ದೃಶ್ಯ ಜೀವಂತ ಕಾಣುತ್ತದೆ. ಮುದುಕ ನಗುತ್ತಾನೆ, ಮೈಯ ರೋಮ ನಿಲ್ಲಿಸುವ ನಗು. ಮರುದಿನ ನೋಡಿದರೆ ಆ ಗೋಡೆಯಲ್ಲಿ ಕಿಂಡಿಯೇ ಇಲ್ಲ.

ಅಲ್ಲಿಂದ ಮುಂದೆ ಎಲ್ಲ ಜಾರುತ್ತಾ ಹೋಗುತ್ತದೆ. ಹುಡುಗಿ ಒಂದು ರಾತ್ರಿ ಅವನ ಮನೆಗೇ ಬಂದು ಹಾಸಿಗೆಯಲ್ಲಿ ಮಲಗಿ ಸತ್ತುಹೋಗುತ್ತಾಳೆ. ಅವಳ ಕಣ್ಣುಗಳ ಚಿತ್ರ ಬಿಡಿಸಿಟ್ಟುಕೊಂಡು, ಹೆಣವನ್ನು ತುಂಡು ಮಾಡಿ ಪೆಟ್ಟಿಗೆಯಲ್ಲಿ ತುಂಬಿ ಹೂಳಲು ಹೊರಡುತ್ತಾನೆ. ಹೆಣದ ಗಾಡಿ ಹೊಡೆಯುವ ಮುದುಕನೂ ಅದೇ ನಗು ನಗುತ್ತಾನೆ. ಗುಂಡಿ ತೋಡುವಾಗ ಸಿಗುವ ಪುರಾತನ ಹೂಜಿಯ ಮೇಲೆ, ಇವನು ನಿನ್ನೆ ರಾತ್ರಿ ಬಿಡಿಸಿದ ಅದೇ ಕಣ್ಣುಗಳನ್ನು ಸಾವಿರಾರು ವರ್ಷ ಹಿಂದೆ ಯಾರೋ ಬಿಡಿಸಿಟ್ಟಿದ್ದಾರೆ. ಎರಡನೇ ಭಾಗದಲ್ಲಿ ಇದೇ ಕಥೆ ಬೇರೆ ವೇಷ ಹಾಕಿ ಮತ್ತೆ ನಡೆಯುತ್ತದೆ: ಕಾಯಿಲೆಯ ಹಾಸಿಗೆ, ದೂರ ನಿಂತ ಹೆಂಡತಿ, ಎದುರಿಗೆ ಕಟುಕನ ಅಂಗಡಿ, ಬೀದಿಯಲ್ಲಿ ಗುಜರಿ ಸಾಮಾನು ಹರಡಿ ಕೂತ ಮುದುಕ. ಕೊನೆಗೆ ಕನ್ನಡಿ ನೋಡಿಕೊಂಡರೆ ಇವನೇ ಆ ಮುದುಕ ಆಗಿಬಿಟ್ಟಿರುತ್ತಾನೆ.

ಈ ಪುಸ್ತಕದ ಒಂದು ಕೋಣೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಕಥೆಗಾರನ ತಾಯಿ ಕಾಶಿಯ ಲಿಂಗ ದೇವಸ್ಥಾನದ ನರ್ತಕಿ, ಹೆಸರು ಬುಗಾಮ್ ದಾಸಿ. ತಂದೆ, ಚಿಕ್ಕಪ್ಪ ಇಬ್ಬರೂ ಅವಳಿ, ನೋಡಲು ಒಂದೇ ಥರ, ಇರಾನಿನಿಂದ ವ್ಯಾಪಾರಕ್ಕೆ ಬಂದವರು. ಇಬ್ಬರೂ ಅವಳನ್ನೇ ಬಯಸುತ್ತಾರೆ. ತೀರ್ಮಾನಕ್ಕೆ ಅವಳು ಇಡುವ ಪರೀಕ್ಷೆ ಹೀಗೆ: ಇಬ್ಬರನ್ನೂ ನಾಗರಹಾವು ಇರುವ ಕತ್ತಲೆ ಕೋಣೆಗೆ ಬಿಡುವುದು, ಬದುಕಿ ಬಂದವನಿಗೆ ಅವಳು. ಒಬ್ಬ ಕಿರುಚುತ್ತಾನೆ, ಬಾಗಿಲು ತೆರೆಯುತ್ತದೆ. ಹೊರಬಂದವನ ಕೂದಲು ಬೆಳ್ಳಗಾಗಿದೆ, ಮುಖ ಮುದುಕನದ್ದು, ಬಾಯಲ್ಲಿ ಆ ನಗು. ಬದುಕಿದವನು ತಂದೆಯೋ ಚಿಕ್ಕಪ್ಪನೋ ಯಾರಿಗೂ ಗೊತ್ತಾಗುವುದಿಲ್ಲ. ಅಂದರೆ, ಕಥೆ ಹೇಳುವವನಿಗೆ ತಾನು ಯಾರ ಮಗ ಎಂದೇ ಗೊತ್ತಿಲ್ಲ.

ಟೆಹರಾನಿನ ಓದುಗನಿಗೆ ಈ ಕೋಣೆ ದೂರದ ಭಯಾನಕ ಹಿಂದೂಸ್ತಾನ. ಬಜಪೆಯ ಓದುಗನಿಗೆ? ಇಲ್ಲಿ ಎರಡು ಮನೆಗೆ ಒಂದು ನಾಗಬನ. ಪಂಚಮಿಗೆ ಹಾಲು, ಬೊಂಡ, ತಂಬಿಲ. ದಾರಿಯಲ್ಲಿ ಸತ್ತ ನಾಗ ಕಂಡರೆ ಸಂಸ್ಕಾರ ಮಾಡದೆ ಮುಂದೆ ಹೋಗದವರು ಇದ್ದಾರೆ. ಹಾವಿನ ಹೆದರಿಕೆ ನಮಗೂ ಉಂಟು, ಇಲ್ಲ ಎಂದಲ್ಲ. ಆದರೆ ನಮ್ಮ ಹೆದರಿಕೆ ಅಪರಿಚಿತನ ಹೆದರಿಕೆಯಲ್ಲ, ಮನೆಯ ಹಿರಿಯರನ್ನು ಕಂಡು ಹೆದರಿದ ಹಾಗೆ. ಹೆದಾಯತನ ನಾಗ ಕತ್ತಲೆ ಕೋಣೆಯ ಆಯುಧ. ನಮ್ಮದಕ್ಕೆ ಬನದಲ್ಲಿ ಕಲ್ಲಿದೆ, ಜಾಗ ಇದೆ, ವರ್ಷಕ್ಕೊಂದು ದಿನ ಇದೆ.

ಇದಕ್ಕೆ ಹೆದಾಯತನನ್ನು ದೂರಬೇಕಾಗಿಲ್ಲ. ಎಲ್ಲರೂ ಇದನ್ನೇ ಮಾಡುತ್ತಾರೆ. ‘ಆಪ್ತಮಿತ್ರ’ ನೆನಪಿಸಿಕೊಳ್ಳಿ, 2004. ಮನೆ ಕನ್ನಡದ್ದು, ಮನೆಯವರೆಲ್ಲ ಕನ್ನಡ ಮಾತಾಡುವವರು, ಕೋಣೆಯೊಳಗಿನ ನಾಗವಲ್ಲಿ ಮಾತ್ರ ತೆಲುಗು. ಅದರ ಮೂಲ ಮಲಯಾಳಂ ಸಿನಿಮಾ ‘ಮಣಿಚಿತ್ರತ್ತಾಳ್’ನಲ್ಲಿ (1993) ಅದೇ ಹೆಣ್ಣು ತಮಿಳು ಮಾತಾಡುತ್ತಾಳೆ. ಎರಡರಲ್ಲೂ ಅವಳು ನರ್ತಕಿ, ಬುಗಾಮ್ ದಾಸಿಯ ಹಾಗೆಯೇ. ನಮ್ಮ ಮನೆಯ ದೆವ್ವ ಯಾವತ್ತೂ ನೆರೆಯವರ ಭಾಷೆ ಮಾತಾಡಬೇಕು ಎಂಬುದು ಒಂದು ನಿಯಮ ಇದ್ದ ಹಾಗಿದೆ. ಇನ್ನು 2015ರ ‘ರಂಗಿತರಂಗ’ ತೆಗೆದುಕೊಂಡರೆ ಹೆದರಿಕೆಯ ಊರು ನಮ್ಮದೇ ತುಳುನಾಡು. ಲಂಡನ್ನಿಗೆ ಇಟಲಿ, ಟೆಹರಾನಿಗೆ ಕಾಶಿ, ಬೆಂಗಳೂರಿನ ಮಲ್ಟಿಪ್ಲೆಕ್ಸಿಗೆ ನಾವು. ಪರ್ಷಿಯನ್ ಗಾಥಿಕ್ ಓದಲು ನಮ್ಮಷ್ಟು ಅರ್ಹರು ಬೇರೆ ಯಾರಿಲ್ಲ ಮಾರಾಯ್ರೆ, ನಾವು ಆ ಕೋಟೆಯ ಒಳಗಿಂದ ಓದುತ್ತೇವೆ.

ಹೆದಾಯತ್ ಕಿಂಡಿಯಲ್ಲಿ ಕಂಡದ್ದನ್ನು ಮೂವತ್ತು ವರ್ಷ ಕಳೆದು ಹೂಶಂಗ್ ಗೊಲ್ಶೀರಿ ಒಂದು ಅರಮನೆಯ ಕೋಣೆಯಲ್ಲಿಟ್ಟ. ‘ಶಾಜ್ದೆ ಎಹ್ತೆಜಾಬ್’, ಎಹ್ತೆಜಾಬ್ ಎಂಬ ರಾಜಕುಮಾರನ ಕಥೆ. 1925ರಲ್ಲಿ ಪಟ್ಟ ಕಳಕೊಂಡ ಕಜಾರ್ ವಂಶದ ಕೊನೆಯ ಕುಡಿಗಳಲ್ಲಿ ಒಬ್ಬ, ಕ್ಷಯ ಹಿಡಿದು ಕೆಮ್ಮುತ್ತಾ ಒಂದು ರಾತ್ರಿ ಕುರ್ಚಿಯಲ್ಲಿ ಕೂತಿದ್ದಾನೆ. ಗೋಡೆ ತುಂಬ ಅಜ್ಜ, ಮುತ್ತಜ್ಜರ ಫೋಟೊ. ಒಬ್ಬೊಬ್ಬರಾಗಿ ಚೌಕಟ್ಟಿನಿಂದ ಇಳಿದು ಬರುತ್ತಾರೆ, ತಾವು ಮಾಡಿದ ಕೊಲೆಗಳ ಸಮೇತ. ಇವನೋ, ಸತ್ತ ಹೆಂಡತಿಯ ಬಟ್ಟೆ, ಒಡವೆಗಳನ್ನು ಮನೆಕೆಲಸದ ಹುಡುಗಿಗೆ ತೊಡಿಸಿ, ನೀನೇ ಅವಳು ಎಂದು ಹಿಂಸಿಸುವವ. ಗಾಲಿಕುರ್ಚಿಯಲ್ಲಿ ಬರುವ ಹಳೆಯ ಸಾರೋಟು ಚಾಲಕ ಮುರಾದ್ ಬಾಗಿಲು ತಟ್ಟಿದಾಗೆಲ್ಲ ಯಾರದೋ ಸಾವಿನ ಸುದ್ದಿ ತರುತ್ತಾನೆ. ಕೊನೆಯ ಸಲ ಅವನು ಯಾರ ಸುದ್ದಿ ತಂದ ಎಂದು ಹೇಳಿದರೆ ನಿಮ್ಮ ಓದು ಕೆಡುತ್ತದೆ. 1974ರಲ್ಲಿ ಬಹ್ಮನ್ ಫರ್ಮಾನಾರಾ ಇದನ್ನು ಸಿನಿಮಾ ಮಾಡಿದ್ದಾರೆ.

ಗುತ್ತಿನ ಮನೆಯ ಚಾವಡಿಯಲ್ಲಿ ಸಾಲಾಗಿ ನೇತುಹಾಕಿದ ಫೋಟೊಗಳ ಕೆಳಗೆ ಬೆಳೆದವರಿಗೆ ಈ ಪುಸ್ತಕ ಬೇಗ ಹಿಡಿಯುತ್ತದೆ.

ಈ ಎರಡೂ ಪುಸ್ತಕಗಳಲ್ಲಿ ಒಂದು ಸಂಗತಿ ಒಂದೇ ರೀತಿ ಇದೆ. ಸತ್ತವರು ವಾಪಸ್ ಬರುತ್ತಾರೆ, ಆದರೆ ಯಾರೂ ಅವರನ್ನು ‘ನಿಮಗೆ ಎಂತ ಬೇಕು’ ಎಂದು ಕೇಳುವುದಿಲ್ಲ. ಒಬ್ಬನೇ ಮನುಷ್ಯ, ಬಾಗಿಲು ಹಾಕಿದ ಕೋಣೆ, ಗೋಡೆಯ ಮೇಲೆ ನೆರಳು. ಹೆದಾಯತನ ಕಥೆಗಾರ ಬರೆಯುತ್ತಿರುವುದೇ ತನ್ನ ನೆರಳಿಗೋಸ್ಕರ. ಆ ನೆರಳು ಗೂಬೆಯಂತೆ ಗೋಡೆಯ ಮೇಲೆ ಬಗ್ಗಿ ಓದುತ್ತದೆ, ಉತ್ತರ ಕೊಡುವುದಿಲ್ಲ. ರಾಜಧಾನಿಯ ದೆವ್ವಗಳು ಹೀಗೆ. ಅಲ್ಲಿ ಹಳೆಯದನ್ನೆಲ್ಲ ಒಂದೇ ತಲೆಮಾರಿನಲ್ಲಿ ಕಿತ್ತುಹಾಕಿದರು. ಟೋಪಿ, ಬಟ್ಟೆ, ಬೀದಿ, ಹೆಂಗಸರ ಚಾದರ್ ಎಲ್ಲವನ್ನೂ ಸರ್ಕಾರಿ ಹುಕುಂನಲ್ಲಿ ಬದಲಿಸಿದರು. ಕಿತ್ತದ್ದನ್ನು ಎಲ್ಲಿಡಬೇಕು ಎಂದು ಯಾರೂ ಯೋಚಿಸಲಿಲ್ಲ.

ಇರಾನಿನ ಕಥೆಗಳಲ್ಲಿ ಇನ್ನೊಂದು ಗಾಥಿಕ್ ಇದೆ. ಅದು ಇರುವುದು ಸಮುದ್ರದ ಬದಿಯಲ್ಲಿ, ಬಜಪೆಯಿಂದ ದುಬೈಗೆ ವಿಮಾನ ಹತ್ತುವವರಿಗೆ ತೀರಾ ಹತ್ತಿರ. ದುಬೈಯ ಎದುರು ದಡವೇ ಇರಾನ್: ಬಂದರ್ ಲೆಂಗೆ, ಬಂದರ್ ಅಬ್ಬಾಸ್, ಕೆಶ್ಮ್ ದ್ವೀಪ. ಬಂದರ್ ಎಂದರೆ ಫಾರ್ಸಿಯಲ್ಲಿ ಹಡಗು ನಿಲ್ಲುವ ಜಾಗ, ಮಂಗಳೂರಿನ ಬಂದರಿನಲ್ಲಿ ಮೀನು, ಮೆಣಸಿನ ವಾಸನೆಯ ನಡುವೆ ನಾವು ದಿನಾ ಹೇಳುವ ಅದೇ ಶಬ್ದ. ಸರ್ಕಾರ, ಜಮೀನು, ದಸ್ತಾವೇಜು, ಕಾಗದ ಎಲ್ಲ ಅಲ್ಲಿಂದಲೇ ಬಂದವು. ನಮ್ಮ ತಾಲೂಕು ಆಫೀಸಿನಲ್ಲಿ ಒಂದು ಅರ್ಜಿ ಬರೆದರೆ ಅರ್ಧ ಫಾರ್ಸಿ ಬರೆದ ಹಾಗೆ.

ಆ ದಡದ ಕಥೆ ಹೇಳಿದವನು ಗೊಲಾಮ್ ಹೊಸೇನ್ ಸಾಯೆದಿ. ಹುಟ್ಟಿದ್ದು ಉತ್ತರದ ತಬ್ರೀಜ್‌ನಲ್ಲಿ, ಓದಿದ್ದು ಮನೋವೈದ್ಯಕೀಯ. ದಕ್ಷಿಣದ ಕರಾವಳಿಯ ಹಳ್ಳಿಗಳಲ್ಲಿ ತಿರುಗಿ 1966ರಲ್ಲಿ ‘ಅಹ್ಲ್-ಎ ಹವಾ’ ಎಂಬ ಪುಸ್ತಕ ಬರೆದ. ಹೆಸರಿನ ಅರ್ಥ ಗಾಳಿಯವರು, ಗಾಳಿ ಹಿಡಿದ ಜನ. ನೋಡಿ, ಇಲ್ಲಿ ಕನ್ನಡದವರಿಗೆ ಅನುವಾದವೇ ಬೇಡ. ಯಾರಿಗೋ ಗಾಳಿ ಸೋಕಿದೆ, ಗಾಳಿ ಬಿಡಿಸಬೇಕು ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರಲ್ಲ, ಅದೇ ಗಾಳಿ. ಅವರ ಭಾಷೆಯಲ್ಲಿ ‘ಬಾದ್’. ಅದರಲ್ಲಿ ಮುಖ್ಯವಾದ ಒಂದು ಬಗೆ ‘ಜಾರ್’.

ಜಾರ್ ಹಿಡಿದವರಿಗೆ ಔಷಧ ನಾಟುವುದಿಲ್ಲ. ಅವರನ್ನು ಬಾಬಾ ಜಾರ್ ಅಥವಾ ಮಾಮಾ ಜಾರ್ ಎನ್ನುವವರ ಹತ್ತಿರ ಕರೆದೊಯ್ಯುತ್ತಾರೆ. ಡೋಲುಗಳು ಶುರುವಾಗುತ್ತವೆ, ಧೂಪ ಹಾಕುತ್ತಾರೆ, ಹಾಡುತ್ತಾರೆ. ಯಾವುದೋ ಒಂದು ಬಡಿತಕ್ಕೆ ಆ ಮೈ ಅಲುಗುತ್ತದೆ, ಗಾಳಿ ಬಾಯಿಬಿಡುತ್ತದೆ. ಅದು ತನ್ನ ಊರಿನ ಭಾಷೆಯಲ್ಲಿ ಮಾತಾಡಬಹುದು, ಯಾಕೆಂದರೆ ಗಾಳಿಗಳು ಆಫ್ರಿಕಾದಿಂದ, ಅರೇಬಿಯಾದಿಂದ, ಹಿಂದೂಸ್ತಾನದ ಕಡೆಯಿಂದ ಹಡಗುಗಳ ಜೊತೆ ಬಂದವು ಎಂಬುದು ಅವರ ನಂಬಿಕೆ. ಮತ್ತೆ ನೆರೆಯವರ ಭಾಷೆಯ ದೆವ್ವ! ಆಗ ಅದನ್ನು ಕೇಳುತ್ತಾರೆ: ಯಾರು ನೀನು, ಎಲ್ಲಿಯವನು, ನಿನಗೆ ಏನು ಬೇಕು. ಅದು ಹೇಳುತ್ತದೆ, ಒಂದು ಉಂಗುರ, ಹೊಸ ಬಟ್ಟೆ, ಬೆತ್ತ, ಬಲಿ. ಕೊಟ್ಟರೆ ತಣಿಯುತ್ತದೆ. ಬಿಟ್ಟುಹೋಗುವುದಿಲ್ಲ, ನೆನಪಿಡಿ, ತಣಿಯುತ್ತದೆ ಅಷ್ಟೇ. ಆ ಮನುಷ್ಯ ಆಮೇಲೆ ಬದುಕಿಡೀ ಗಾಳಿಯವರ ಗುಂಪಿಗೆ ಸೇರಿದವನು. ಈ ಆಚರಣೆಯನ್ನು ಉಳಿಸಿಕೊಂಡವರಲ್ಲಿ ಹೆಚ್ಚಿನವರು ಬಡ ಮೀನುಗಾರರು, ನಾವಿಕರು, ಆಫ್ರಿಕಾದಿಂದ ಗುಲಾಮರಾಗಿ ತಂದವರ ಮಕ್ಕಳು ಮೊಮ್ಮಕ್ಕಳು.

ಗಗ್ಗರದ ಸದ್ದು ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕೇ? ತೆಂಬರೆ ಬಡಿಯುತ್ತದೆ, ಪಾಡ್ದನ ಹೇಳುತ್ತಾರೆ, ದೈವ ಮೈಮೇಲೆ ಬರುತ್ತದೆ, ಮನೆಯ ಯಜಮಾನ ಕೈಮುಗಿದು ನಿಲ್ಲುತ್ತಾನೆ, ಮಾತು ನಡೆಯುತ್ತದೆ. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ದೈವ ನಮಗೆ ಕಾಯಿಲೆಯಲ್ಲ, ನ್ಯಾಯ ಹೇಳುವ ಶಕ್ತಿ. ಆದರೆ ಎರಡೂ ಕಡೆ ಮಾಡುವುದು ಒಂದು ಕೆಲಸ: ಬಂದದ್ದನ್ನು ಕೂರಿಸಿ ಮಾತಾಡಿಸುವುದು.

ನಮ್ಮ ಕಲ್ಕುಡ-ಕಲ್ಲುರ್ಟಿಯರ ಕಥೆಯಷ್ಟು ಗಾಥಿಕ್ ಕಥೆ ಯುರೋಪಿನಲ್ಲೂ ಸಿಕ್ಕುವುದು ಕಷ್ಟ. ಕಾರ್ಕಳದ ಗೊಮ್ಮಟನನ್ನು (1432) ಕಡೆದ ಶಿಲ್ಪಿ ಕಲ್ಕುಡ, ಇಂಥದ್ದನ್ನು ಇನ್ನೊಬ್ಬರಿಗೆ ಮಾಡಿಕೊಡಬಾರದು ಎಂದು ಭೈರರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ ಎನ್ನುತ್ತದೆ ಪಾಡ್ದನ. ತಂಗಿ ಕಲ್ಲುರ್ಟಿ ಹುಡುಕಿಕೊಂಡು ಬಂದಳು. ಇಬ್ಬರೂ ಮಾಯವಾದರು, ದೈವಗಳಾಗಿ ಅರಸನ ಮನೆಯನ್ನೇ ಕಾಡಿದರು. ಇದನ್ನೇ ಹೆದಾಯತ್ ಬರೆದಿದ್ದರೆ ಅರಸನ ಕೊನೆಯ ವಂಶದವ ಬಾಗಿಲು ಹಾಕಿಕೊಂಡು ಕೈಯಿಲ್ಲದ ನೆರಳನ್ನು ಗೋಡೆಯಲ್ಲಿ ನೋಡುತ್ತಾ ಹುಚ್ಚನಾಗುತ್ತಿದ್ದ. ತುಳುನಾಡಿನಲ್ಲಿ ಆದದ್ದು ಬೇರೆ. ಅನ್ಯಾಯಕ್ಕೊಳಗಾದವರಿಗೆ ಗುಡಿ ಸಿಕ್ಕಿತು, ಹೆಸರು ಸಿಕ್ಕಿತು, ವರ್ಷಕ್ಕೊಮ್ಮೆ ಎಲ್ಲರೆದುರು ತಮ್ಮ ಕಥೆಯನ್ನು ತಾವೇ ಹೇಳುವ ಹಕ್ಕು ಸಿಕ್ಕಿತು.

ಹಾಗೆಂದು ನಾವು ಬೀಗಬೇಕಾಗಿಯೂ ಇಲ್ಲ. ರಾತ್ರಿಯಿಡೀ ದೈವವಾಗಿ ಯಜಮಾನನನ್ನು ಪ್ರಶ್ನಿಸಿದ ಪಂಬದರ, ಪರವರ, ನಲಿಕೆಯವರ ಮನೆಯ ಮನುಷ್ಯ ಬೆಳಗ್ಗೆ ಅಣಿ ಬಿಚ್ಚಿದ ಮೇಲೆ ಅದೇ ಚಾವಡಿಯಲ್ಲಿ ಕುರ್ಚಿ ಎಳೆದು ಕೂರಲು ಎಷ್ಟು ತಲೆಮಾರು ಬೇಕಾಯಿತು? ಎಲ್ಲ ಕಡೆ ಈಗಲೂ ಕೂರಲು ಆಗುತ್ತದೆಯೇ? ಸತ್ತವರ ಮಾತು ಕೇಳುವ ವ್ಯವಸ್ಥೆ ನಮ್ಮಲ್ಲಿತ್ತು, ಬದುಕಿದ್ದವರದ್ದು ಕೇಳುವುದು ಯಾವಾಗಲೂ ಇರಲಿಲ್ಲ. ನಮ್ಮ ಬೀಗ ಹಾಕಿದ ಕೋಣೆ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುವುದು.

ಶಿವರಾಮ ಕಾರಂತರು 1933ರಲ್ಲೇ ತೋರಿಸಿದ್ದರು. ‘ಚೋಮನ ದುಡಿ’ಯನ್ನು ಯಾರೂ ಗಾಥಿಕ್ ಎಂದು ಕರೆದದ್ದಿಲ್ಲ, ಕರೆಯಬೇಕೆಂದೂ ಇಲ್ಲ. ಆದರೆ ಅದನ್ನು ಸಾಯೆದಿಯ ಒಂದು ಕಥೆಯ ಪಕ್ಕದಲ್ಲಿಟ್ಟು ಓದಿ. ಸಾಯೆದಿಯ 1964ರ ‘ಬಯಲ್‌ನ ಶೋಕಿಗರು’ ಒಂದು ಹಳ್ಳಿಯ ಸುತ್ತ ಹೆಣೆದ ಕಥೆಗಳ ಪುಸ್ತಕ. ಅದರ ಒಂದು ಕಥೆಯಲ್ಲಿ ಮಶ್ ಹಸನ್ ಎಂಬವನಿಗೆ ಹಳ್ಳಿಯ ಒಂದೇ ಒಂದು ಹಸು ಇದೆ. ಅವನು ಊರಲ್ಲಿಲ್ಲದಾಗ ಹಸು ಸಾಯುತ್ತದೆ. ಅವನಿಗೆ ಹೇಗೆ ಹೇಳುವುದೆಂದು ತಿಳಿಯದೆ ಊರವರು ಅದನ್ನು ಪಾಳು ಬಾವಿಗೆ ಹಾಕಿ ಮುಚ್ಚಿ, ಹಸು ಓಡಿಹೋಯಿತು ಎಂದು ಸುಳ್ಳು ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಸುಳ್ಳು. ಮಶ್ ಹಸನ್ ಕೊಟ್ಟಿಗೆಗೆ ಹೋಗಿ ಕೂತು ಹುಲ್ಲು ತಿನ್ನಲು ಶುರು ಮಾಡುತ್ತಾನೆ. ಹಸು ಎಲ್ಲೂ ಹೋಗಿಲ್ಲ, ತಾನೇ ಹಸು. ಬಾವಿಯಲ್ಲಿ ಹೂತಿಟ್ಟ ಸತ್ಯ ಅವನ ಮೈಯಲ್ಲಿ ಎದ್ದುಬಂತು. ಇದನ್ನು ದಾರಿಯುಷ್ ಮೆಹರ್‌ಜುಯಿ 1969ರಲ್ಲಿ ‘ಗಾವ್’ ಎಂಬ ಸಿನಿಮಾ ಮಾಡಿದರು. ಇರಾನಿನ ಹೊಸ ಸಿನಿಮಾ ಶುರುವಾದದ್ದೇ ಇದರಿಂದ ಎನ್ನುತ್ತಾರೆ.

ಚೋಮನ ಹತ್ತಿರ ಎತ್ತುಗಳಿದ್ದವು, ಉಳಲು ಭೂಮಿ ಇರಲಿಲ್ಲ. ಮತಾಂತರವಾದರೆ ಭೂಮಿ ಸಿಕ್ಕೀತು ಎಂದು ಹೊರಟವನ ಕಾಲು ಪಂಜುರ್ಲಿಯ ನೆನಪಿನಲ್ಲಿ ಹಿಂದಕ್ಕೆ ತಿರುಗುತ್ತದೆ. ಕೊನೆಗೆ ಎತ್ತುಗಳನ್ನು ಕಾಡಿಗೆ ಅಟ್ಟಿ, ಗುಡಿಸಲ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾ ಸಾಯುತ್ತಾನೆ. ಇಲ್ಲಿ ಭೂತವೇ ಇಲ್ಲ, ಇರುವುದು ಬದುಕಿದ್ದಾಗಲೇ ಯಾರ ಕಣ್ಣಿಗೂ ಬೀಳದ ಮನುಷ್ಯ ಮತ್ತು ಒಳಗಿಂದ ಕೇಳುವ ಬಡಿತ. ಸಾಯೆದಿ ಓದಿದ ಮೇಲೆ ಆ ಬಡಿತ ನನಗೆ ಮೊದಲಿನ ಹಾಗೆ ಕೇಳಿಸುವುದಿಲ್ಲ.

ಕರಾವಳಿಯ ಇನ್ನೊಬ್ಬ ಲೇಖಕಿಯ ಹೆಸರು ಹೇಳದೆ ಮುಂದೆ ಹೋಗಲಾರೆ, ಮೊನಿರೂ ರವಾನಿಪೂರ್. 1989ರಲ್ಲಿ ಬಂದ ಅವರ ‘ಅಹ್ಲ್-ಎ ಗರ್ಕ್’, ಅಂದರೆ ಮುಳುಗಿದವರು, ಬುಶೆಹರ್ ಕಡೆಯ ಜೊಫ್ರೆ ಎಂಬ ಮೀನುಗಾರರ ಹಳ್ಳಿಯ ಕಥೆ. ಸಮುದ್ರದಡಿಯಲ್ಲಿ ಮತ್ಸ್ಯಕನ್ಯೆಯರು, ಬೂಸಲಾಮೆ ಎಂಬ ಭೀಕರ ಒಡೆಯ, ಮನೆಗೆ ವಾಪಸ್ ಬರಲು ಹಂಬಲಿಸುವ ಮುಳುಗಿ ಸತ್ತ ಗಂಡಸರು. ಅವರೆಲ್ಲ ಹಳ್ಳಿಯವರ ದಿನನಿತ್ಯದ ಪರಿಚಯದವರು. ಹಳ್ಳಿ ನಿಜವಾಗಿ ಹೆದರುವುದು ಅವರಿಗಲ್ಲ, ರಸ್ತೆಯಲ್ಲಿ ಬರುವವರಿಗೆ: ಸರ್ಕಾರ, ಪೊಲೀಸು, ಎಣ್ಣೆ ಹುಡುಕುವವರು. ಹೊಸ ಕಾಲ ಒಳಗೆ ಬಂದಂತೆ ಸಮುದ್ರದ ಜನ ಮರೆಯಾಗುತ್ತಾರೆ. ಮಲ್ಪೆ, ಬೈಕಂಪಾಡಿ, ಉಳ್ಳಾಲದ ಮನೆಗಳಲ್ಲಿ ಇದನ್ನು ಓದಿ ಹೇಳಿದರೆ ಯಾರೂ ಇದು ವಿದೇಶದ ಕಥೆ ಎನ್ನಲಾರರು.

ರಸ್ತೆಯಲ್ಲಿ ಬರುವವರು ಎಂದಾಗ ಬಜಪೆಗೇ ಬರಬೇಕಾಗುತ್ತದೆ. 1951ರ ಡಿಸೆಂಬರ್ 25ರಂದು ನೆಹರೂ ಅವರ ವಿಮಾನ ಇಲ್ಲಿ ಇಳಿದಾಗಿನಿಂದ ಈ ಗುಡ್ಡಗಳ ಮೇಲೆ ಹೊಸ ಕಾಲ ಇಳಿಯುತ್ತಲೇ ಇದೆ. ರನ್‌ವೇ ಬಂತು, ದೊಡ್ಡ ರನ್‌ವೇ ಬಂತು, ವಿಶೇಷ ಆರ್ಥಿಕ ವಲಯಕ್ಕೆ ಪೆರ್ಮುದೆ, ಕಳವಾರು ಕಡೆಯ ಗದ್ದೆ, ತೋಟ, ಮನೆ ಹೋದವು. ಬೇಕಿತ್ತೋ ಬೇಡವೋ ಎಂಬ ಚರ್ಚೆ ಇಲ್ಲಿ ಬೇಡ. ಈ ಊರಿನ ಅರ್ಧಕ್ಕರ್ಧ ಮನೆಗಳ ಅನ್ನ ಇದೇ ವಿಮಾನ ಹತ್ತಿ ಹೋದವರು ಕಳಿಸಿದ್ದು. ಆದರೆ ಮನೆಗೆ, ತೆಂಗಿನಮರಕ್ಕೆ, ಬಾವಿಗೆ ಪರಿಹಾರದ ಲೆಕ್ಕ ಹಾಕಬಹುದು. ನಾಗಬನಕ್ಕೆ? ಕಲ್ಲನ್ನು ಬೇರೆ ಕಡೆ ಪ್ರತಿಷ್ಠೆ ಮಾಡಬಹುದು, ಶಾಸ್ತ್ರದಲ್ಲಿ ದಾರಿ ಇದೆ, ಮಾಡಿದ್ದಾರೆ ಕೂಡ. ಆ ಬನದ ಮರಗಳ ಕೆಳಗೆ ಪಂಚಮಿ ದಿನ ಸೇರುತ್ತಿದ್ದ ಹದಿನಾಲ್ಕು ಮನೆಯವರು ಈಗ ಹದಿನಾಲ್ಕು ಬಡಾವಣೆಗಳಲ್ಲಿ ಇದ್ದರೆ, ಅವರನ್ನು ಯಾವ ಶಾಸ್ತ್ರದಿಂದ ಸೇರಿಸುವುದು?

ಇಷ್ಟೇ ಅಲ್ಲ, ಉಳಿದ ಮನೆಗಳ ಕಥೆಯನ್ನೂ ನೋಡಿ. ದೊಡ್ಡ ಮನೆ, ಕೆಳಗೆ ಇಬ್ಬರು ವಯಸ್ಸಾದವರು, ಮೇಲಿನ ಮಾಳಿಗೆಗೆ ಬೀಗ. ಅಥವಾ ಇಡೀ ಮನೆಗೇ ಬೀಗ, ಕೀ ಪಕ್ಕದ ಮನೆಯ ಅಕ್ಕನ ಹತ್ತಿರ. ಮಕ್ಕಳು ದುಬೈ, ಅಬುಧಾಬಿ, ಬೆಂಗಳೂರಲ್ಲಿ. ವರ್ಷಕ್ಕೊಮ್ಮೆ ಕೋಲಕ್ಕೆ ಲೀವ್ ಹಾಕಿ ಬರುತ್ತಾರೆ, ಸಿಗದಿದ್ದರೆ ವಾಟ್ಸಾಪ್ ವಿಡಿಯೊ ಕಾಲ್. ದೈವ ಮನೆತನದವರ ಹೆಸರು ಹಿಡಿದು ಕೇಳುವಾಗ ಯಾರೋ ಫೋನ್ ಎತ್ತಿ ಹಿಡಿಯುತ್ತಾರೆ. ನಗಬೇಡಿ, ಅದೂ ಉತ್ತರ ಕೊಡುವ ಒಂದು ರೀತಿಯೇ. ಆದರೆ ಆ ಫೋನ್ ಎತ್ತಿ ಹಿಡಿಯುವವರೂ ಊರಲ್ಲಿ ಇಲ್ಲ ಎಂದಾದ ದಿನ, ಗುತ್ತಿನ ಮನೆ ಎಹ್ತೆಜಾಬನ ಕೋಣೆ ಆಗಲು ಎಷ್ಟು ಹೊತ್ತು ಬೇಕು? ಫೋಟೊಗಳು ಅವೇ, ಚಾವಡಿ ಅದೇ, ಕೇಳುವವರು ಇಲ್ಲ. ಇರಾನಿನ ಗಾಥಿಕ್ ನನಗೆ ಹೆದರಿಕೆ ಹುಟ್ಟಿಸುವುದು ಇಲ್ಲಿ, ಹಾವಿನ ಕೋಣೆಯಲ್ಲಿ ಅಲ್ಲ. ಅದು ನಮ್ಮ ಹಿಂದಿನದಲ್ಲ, ಮುಂದಿನದು ಇರಬಹುದು ಎನ್ನಿಸುತ್ತದೆ.

ಓದುವವರಿಗೆ ಒಂದೆರಡು ಮಾತು. ‘ಕುರುಡು ಗೂಬೆ’ ಇಂಗ್ಲಿಷಿನಲ್ಲಿ ಡಿ. ಪಿ. ಕೊಸ್ಟೆಲೊ ಅವರ 1957ರ ಅನುವಾದದಲ್ಲಿ ಸಿಗುತ್ತದೆ, ನೂರು ಚಿಲ್ಲರೆ ಪುಟ ಅಷ್ಟೇ. ಮನಸ್ಸು ಸರಿಯಿಲ್ಲದ ದಿನಗಳಲ್ಲಿ, ರಾತ್ರಿ ರೂಮಿನಲ್ಲಿ ಒಬ್ಬರೇ ಇರುವಾಗ ಅದನ್ನು ಶುರು ಮಾಡಬೇಡಿ, ಬೆಳಕಿರುವಾಗ ಓದಿ. ಇದು ತಮಾಷೆಗೆ ಹೇಳಿದ್ದಲ್ಲ, ಅದು ತುಂಬ ಒಂಟಿ ಮನುಷ್ಯನ ಪುಸ್ತಕ. ಬರೆದವನೂ 1951ರಲ್ಲಿ ಪ್ಯಾರಿಸ್ಸಿನ ಒಂದು ಬಾಡಿಗೆ ಮನೆಯಲ್ಲಿ ತನ್ನ ಜೀವ ತಾನೇ ತೆಗೆದುಕೊಂಡ. ಮೊದಲ ಸಲ ಈ ಕಡೆ ಬರುವವರು ‘ಗಾವ್’ ಸಿನಿಮಾದಿಂದ ಶುರು ಮಾಡುವುದು ಒಳ್ಳೆಯದು. ಹೊಸದು ಬೇಕಾದವರಿಗೆ 2016ರ ‘ಅಂಡರ್ ದಿ ಶಾಡೋ’ ಇದೆ, ಬಾಬಕ್ ಅನ್ವರಿ ನಿರ್ದೇಶಿಸಿದ್ದು. ಯುದ್ಧದ ಕಾಲದ ಟೆಹರಾನ್, ತಾಯಿ-ಮಗಳು ಇಬ್ಬರೇ ಇರುವ ಅಪಾರ್ಟ್‌ಮೆಂಟಿಗೆ ಕ್ಷಿಪಣಿಯ ಹಿಂದೆಯೇ ಒಂದು ಜಿನ್ ಬರುತ್ತದೆ. ಅದೂ ಗಾಳಿಯಲ್ಲೇ ಬರುವುದು.

ಸಾಯೆದಿಯನ್ನು 1974ರಲ್ಲಿ ಶಾ ಸರ್ಕಾರದ ಗುಪ್ತ ಪೊಲೀಸರು ಜೈಲಿಗೆ ಹಾಕಿದ್ದರು, ಕ್ರಾಂತಿಯ ಮೇಲೆ ಬಂದ ಸರ್ಕಾರವೂ ಅವನನ್ನು ಬಾಳಲು ಬಿಡಲಿಲ್ಲ. ದೇಶ ಬಿಟ್ಟು ಹೋಗಿ 1985ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಅವನನ್ನೂ ಹೆದಾಯತನನ್ನೂ ಮಣ್ಣು ಮಾಡಿ ಇಟ್ಟಿರುವುದು ಅಲ್ಲಿನ ಪೆರ್ ಲಾಶೇಜ್ ಎಂಬ ಒಂದೇ ಸ್ಮಶಾನದಲ್ಲಿ.

ಗಲ್ಫ್‌ನಲ್ಲಿ ಕೆಲಸ ಮಾಡುವ ನಮ್ಮ ಓದುಗರಲ್ಲಿ ಕೆಲವರಿಗಾದರೂ ಲೆಂಗೆ, ಕೆಶ್ಮ್ ಕಡೆಯ ಸಹೋದ್ಯೋಗಿಗಳು ಇರಬಹುದು. ಮುಂದಿನ ಸಲ ಚಾ ಕುಡಿಯುವಾಗ ಜಾರ್ ಬಗ್ಗೆ ಒಂದು ಮಾತು ಕೇಳಿ ನೋಡಿ, ನಮ್ಮ ಪಂಜುರ್ಲಿಯ ವಿಷಯವೂ ಹೇಳಿ. ಅವರು ಎಂತ ಹೇಳಿದರು ಎಂದು ಬರೆದು ಕಳಿಸಿದರೆ ಇದೇ ಅಂಕಣದಲ್ಲಿ ಹಾಕುತ್ತೇನೆ.